ಹೆಬ್ಬೆಟ್ಟು ಕೊಡದ ಅಕ್ಕ

ಬ್ಯಾಗಿನಿಂದ ಇಂಕ್ ಪ್ಯಾಡ್ ತೆಗೆದು ನೆಲದ ಮೇಲಿಟ್ಟೆ. ಅಂಗೈ ಅಗಲದ ತಗಡಿನ ಡಬ್ಬಿ, ಒಳಗೆ ನೀಲಿ ಮಸಿ ಕುಡಿದ ಬಟ್ಟೆ. ಮುಚ್ಚಳ ತೆಗೆದಿದ್ದೇ ತಡ, ಎದುರಿಗೆ ಕೂತಿದ್ದ ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

“ಏನ್ ಬೇಕಾರೂ ಕೇಳಿ ಮೇಡಮ್ಮೋರೆ, ಗೊತ್ತಿದ್ದಷ್ಟು ಯೋಳ್ತೀನಿ. ಹೆಬ್ಬೆಟ್ಟು ಮಾತ್ರ ಕೇಳ್ಬ್ಯಾಡಿ.”

ಇದು 2016ರ ಜನವರಿಯ ಮಾತು. ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ನನಗಾಗ 24 ವರ್ಷ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಒಂದು ಅಧ್ಯಯನಕ್ಕೆ ಫೀಲ್ಡ್ ಇನ್ವೆಸ್ಟಿಗೇಟರ್ ಆಗಿ ಸೇರಿದ್ದೆ. ರೈತ ಆತ್ಮಹತ್ಯೆ ಮಾಡಿಕೊಂಡ ಮೇಲೆ ಆ ಮನೆಯವರು ಹೇಗೆ ಬದುಕುತ್ತಾರೆ ಎಂದು ತಿಳಿಯುವುದು ಅಧ್ಯಯನದ ಉದ್ದೇಶ. ಅದರ ಹಿಂದಿನ ವರ್ಷ ಕಬ್ಬು ಬೆಳೆಗಾರರ ಸಾವಿನ ಸುದ್ದಿಯನ್ನು ದಿನಾ ಪೇಪರ್‌ನಲ್ಲಿ ಓದುತ್ತಿದ್ದೆವು. ಬೆಲೆ ಬಿದ್ದಿತ್ತು, ಕಾರ್ಖಾನೆಗಳಿಂದ ಬಾಕಿ ಬಂದಿರಲಿಲ್ಲ, ಮಳೆಯೂ ಕೈಕೊಟ್ಟಿತ್ತು. ಈ ಅಕ್ಕನ ಗಂಡ ತೀರಿಕೊಂಡು ಆಗ ಐದು ತಿಂಗಳಾಗಿತ್ತು.

ನನ್ನ ಕೈಯಲ್ಲಿದ್ದದ್ದು ಒಪ್ಪಿಗೆ ಪತ್ರ. ನಾವು ಫೀಲ್ಡಿನವರು ಕನ್ಸೆಂಟ್ ಫಾರಂ ಅಂತೀವಿ. ಅದರ ಮೇಲೆ ಸಹಿ ಇಲ್ಲವೇ ಹೆಬ್ಬೆಟ್ಟು ಬೀಳುವವರೆಗೆ ಮೊದಲ ಪ್ರಶ್ನೆಯನ್ನೂ ಕೇಳುವಂತಿರಲಿಲ್ಲ. ಯಾಕಕ್ಕಾ ಬೇಡ ಅಂತೀರಿ ಎಂದೆ. ಅವರು ಒಂದು ಕೈ ಹೊರಗೆ ತೆಗೆದು ಬೆರಳು ಮಡಚುತ್ತಾ ಎಣಿಸಿದರು. ಸಂಘದ ಸಾಲಕ್ಕೆ ಒಂದು. ಫೈನಾನ್ಸಿನವರ ಸಾಲಕ್ಕೆ ಒಂದು. ಊರಿನವರೊಬ್ಬರ ಹತ್ತಿರ ಗಂಡ ತಂದ ಕೈಸಾಲಕ್ಕೆ ಖಾಲಿ ಹಾಳೆಯ ಮೇಲೆ ಒಂದು. ಪೊಲೀಸರ ಪಂಚನಾಮೆಗೆ ಒಂದು. ಆಸ್ಪತ್ರೆಯಿಂದ ಹೆಣ ಬಿಡಿಸಿಕೊಳ್ಳಲು ಒಂದು. ಬೆರಳು ಮುಗಿದವು. ಪರಿಹಾರದ ಅರ್ಜಿಗೆ ಎಷ್ಟು ಒತ್ತಿದೆನೋ ಲೆಕ್ಕವಿಲ್ಲ ಅಂದರು.

“ಒಂದ್ರಲ್ಲೂ ಏನ್ ಬರ್ದವ್ರೆ ಅಂತ ನಂಗೊತ್ತಿಲ್ಲ. ಹೆಬ್ಬೆಟ್ಟು ಒತ್ತಿ ಒತ್ತಿಯೇ ನಮ್ಮನೆ ಹಿಂಗಾಗಿರೋದು.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಈ ಪತ್ರ ಇರುವುದೇ ನಿಮ್ಮ ರಕ್ಷಣೆಗೆ ಎಂದು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಆ ಮಾತನ್ನೇ ಅವರಿಗೆ ಹೇಳಲು ಬಾಯಿ ತೆರೆದೆ, ಆದರೆ ಆಡಲಾಗಲಿಲ್ಲ. ಅವರ ಮನೆಗೆ ಬಂದ ಪ್ರತಿಯೊಂದು ಕಾಗದವೂ ಅದೇ ಮಾತು ಹೇಳಿಕೊಂಡೇ ಬಂದಿತ್ತಲ್ವಾ?

ಆಮೇಲೆ ಸಂಜೆ ರೂಮಿಗೆ ಬಂದು ಆ ಪತ್ರವನ್ನು ಮತ್ತೆ ಓದಿದೆ. ನಾಲ್ಕು ಪುಟ. “ಈ ಸಂಶೋಧನೆಯಲ್ಲಿ ತಮ್ಮ ಭಾಗವಹಿಸುವಿಕೆಯು ಸಂಪೂರ್ಣವಾಗಿ ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ಕಾರಣ ನೀಡದೆ ಹಿಂದೆ ಸರಿಯುವ ಹಕ್ಕನ್ನು ತಾವು ಹೊಂದಿರುತ್ತೀರಿ.” ಕನ್ನಡ ಎಂ.ಎ. ಮಾಡಿದವರೂ ಒಮ್ಮೆ ನಿಂತು ಓದಬೇಕಾದ ವಾಕ್ಯ. ಇದರಲ್ಲಿರುವ ವಿಷಯ ಇಷ್ಟೇ. ಬೇಡ ಅನಿಸಿದರೆ ಬೇಡ ಅನ್ನಿ, ಯಾಕೆ ಅಂತ ನಾವು ಕೇಳುವುದಿಲ್ಲ. ಅದನ್ನು ಹಾಗೇ ಬರೆಯಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಇನ್ನೊಂದು ವಿಷಯವೂ ಆಗಲೇ ನನಗೆ ಹೊಳೆದದ್ದು. ಅಕ್ಕ ಆ ಪತ್ರದ ಹಕ್ಕನ್ನೇ ಚಲಾಯಿಸಿದ್ದರು. ಬೇಡ ಎಂದಿದ್ದರು. ನಾನು ಮಾತ್ರ ಯಾಕೆ ಅಂತ ಕೇಳಿದ್ದೆ.

ಆವತ್ತು ಮಧ್ಯಾಹ್ನವೇ ನಮ್ಮ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಬಾಯಿಮಾತಿನಲ್ಲಿ ಒಪ್ಪಿಗೆ ಪಡೆದು, ಒಬ್ಬ ಸಾಕ್ಷಿಯ ಮುಂದೆ ರೆಕಾರ್ಡ್ ಮಾಡಿಕೊಳ್ಳಿ, ಅದಕ್ಕೂ ದಾರಿ ಇದೆ ಎಂದರು. ಹಾಗೇ ಮಾಡಿದೆ. ಪತ್ರದಲ್ಲಿದ್ದದ್ದನ್ನು ಬಿಡಿಸಿ ಬಿಡಿಸಿ ಹೇಳಿದೆ. ಅಕ್ಕ ರೆಕಾರ್ಡರಿನ ಹತ್ತಿರ ಬಾಗಿ “ಕೇಳಿ, ಯೋಳ್ತೀನಿ” ಅಂದರು. ಕೆಲಸ ಶುರುವಾಯಿತು. ಎಲ್ಲಾ ಸರಿಯಾಯಿತು ಅಂತಲೇ ನಾನೂ ಅಂದುಕೊಂಡಿದ್ದೆ.

ಸಾಕ್ಷಿ ಯಾರು ಗೊತ್ತಾ? ನನ್ನನ್ನು ಆ ಮನೆಗೆ ಕರೆದುಕೊಂಡು ಬಂದ ಆಶಾ ಕಾರ್ಯಕರ್ತೆ.

ಓದಲು ಬಾರದವರಿಂದ ಒಪ್ಪಿಗೆ ಪಡೆಯುವಾಗ, ಓದು ಬರುವ, ಯಾರ ಪರವೂ ಅಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು ಎಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಹೇಳುತ್ತದೆ. ಒಳ್ಳೆಯ ನಿಯಮ. ಆದರೆ ಹಳ್ಳಿಯಲ್ಲಿ ಯಾರ ಪರವೂ ಅಲ್ಲದವರು ಯಾರು? ಆಶಾ ಕಾರ್ಯಕರ್ತೆ ಒಳ್ಳೆಯ ಹೆಣ್ಣುಮಗಳು. ಅಕ್ಕನ ಮಗ ಹುಟ್ಟಿದಾಗ ಆಸ್ಪತ್ರೆಗೆ ಜೊತೆಗೆ ಹೋದವರು ಅವರೇ. ಮಗುವಿಗೆ ಲಸಿಕೆ ಹಾಕಿಸಿದವರು, ಗಂಡ ಸತ್ತಾಗ ಓಡಿ ಬಂದವರು, ಪರಿಹಾರದ ಕಾಗದ ಯಾವ ಆಫೀಸಿಗೆ ಕೊಡಬೇಕು ಎಂದು ಹೇಳಿಕೊಟ್ಟವರು ಎಲ್ಲಾ ಅವರೇ. ಅಂಥವರು “ಮೇಡಮ್ಮೋರು ಬೆಂಗ್ಳೂರಿಂದ ಬಂದವ್ರೆ, ಒಸಿ ಮಾತಾಡವ್ವ” ಅಂದರೆ ಬಾಗಿಲು ಹಾಕಲು ಸಾಧ್ಯವಾ? ನಾಳೆ ಮಗುವಿಗೆ ಜ್ವರ ಬಂದರೆ ಮತ್ತೆ ಅವರ ಹತ್ತಿರವೇ ಹೋಗಬೇಕು. ಅಕ್ಕ ನನಗೆ ಒಪ್ಪಿಗೆ ಕೊಟ್ಟರೋ, ಆಶಾ ಅವರ ಋಣಕ್ಕೆ ಒಪ್ಪಿಗೆ ಕೊಟ್ಟರೋ, ಇವತ್ತಿಗೂ ನನಗೆ ಖಚಿತವಿಲ್ಲ.

ಇದು ಸಣ್ಣ ಸಂಗತಿ ಅಂತ ಯಾರಿಗಾದರೂ ಅನಿಸಿದರೆ ಖಮ್ಮಂ ನೆನಪು ಮಾಡಿಕೊಳ್ಳಬೇಕು. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಡುವ ಒಂದು ಪ್ರಾಯೋಗಿಕ ಅಧ್ಯಯನ ನಡೆಯಿತು. ಅಮೆರಿಕದ ಪಾಥ್ ಸಂಸ್ಥೆ, ನಮ್ಮ ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳು ಸೇರಿ ನಡೆಸಿದ್ದು. ಖಮ್ಮಂನಲ್ಲಿ ತುಂಬಾ ಮಕ್ಕಳು ಬುಡಕಟ್ಟಿನವರು, ಹಾಸ್ಟೆಲ್ಲಿನಲ್ಲಿದ್ದವರು. ಎರಡೂ ರಾಜ್ಯ ಸೇರಿ ಏಳು ಮಕ್ಕಳು ತೀರಿಕೊಂಡರು. 2010ರಲ್ಲಿ ಅಧ್ಯಯನವನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆ ಕಾರಣ ಎಂದು ತನಿಖಾ ಸಮಿತಿ ಹೇಳಲಿಲ್ಲ, ಸಂಬಂಧ ಇರಲಾರದು ಎಂದೇ ಹೇಳಿತು. ಆದರೆ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದಾಗ ಬೇರೆಯದೇ ಕತೆ ಇತ್ತು. ಆಂಧ್ರದ 9,543 ಪತ್ರಗಳಲ್ಲಿ 1,948ರ ಮೇಲೆ ಇದ್ದದ್ದು ಹೆಬ್ಬೆಟ್ಟು. 2,763 ಪತ್ರಗಳಿಗೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಬಹಳ ಕಟುವಾಗಿ ಟೀಕಿಸಿತು.

ಲಸಿಕೆ ಒಳ್ಳೆಯದೇ. ನನ್ನ ಒಡಹುಟ್ಟಿದ ಅಕ್ಕನ ಮಗಳಿಗೂ ಹಾಕಿಸಿದ್ದೇವೆ. ಹಾಕಿಸುವ ಮೊದಲು ಡಾಕ್ಟರ್ ಹತ್ತಿರ ಅರ್ಧ ಗಂಟೆ ಕೂತು, ಕೇಳಬೇಕಾದ್ದನ್ನೆಲ್ಲಾ ಕೇಳಿದೆವು. ಖಮ್ಮಂನ ಆ ತಂದೆ ತಾಯಿಗೆ ಆ ಅರ್ಧ ಗಂಟೆ ಸಿಗಲಿಲ್ಲ. ನನ್ನ ಸಂಕಟ ಇರುವುದು ಅಲ್ಲಿ. ಆ ವಾರ್ಡನ್‌ಗಳು ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ಮೇಲಿನಿಂದ ಹೇಳಿದರು, ಸಹಿ ಹಾಕಿದರು. ನಮ್ಮ ಆಶಾ ಕಾರ್ಯಕರ್ತೆಯೂ ಮೇಲಿನಿಂದ ಹೇಳಿದ್ದಕ್ಕೇ ನನ್ನ ಜೊತೆ ಬಂದವರು.

ಮತ್ತೆ ಅಕ್ಕನ ಮನೆಗೆ ಬರುತ್ತೇನೆ. ಮೊದಲ ದಿನ ಜಗಲಿಯ ಮೇಲೆ ಕೂತು ಮಾತಾಡಿದೆವು. ಅತ್ತೆ ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಪಕ್ಕದ ಮನೆಯ ಇಬ್ಬರು ಬಂದು ಕಂಬಕ್ಕೆ ಒರಗಿ ನಿಂತರು. ಹಳ್ಳಿಯಲ್ಲಿ ಹೊಸಬರು ಬಂದರೆ ಜನ ಸೇರುವುದು ಸಹಜ, ಅವರನ್ನು ಹೋಗಿ ಅನ್ನಲು ನಾನ್ಯಾರು? ನನ್ನ ಪ್ರಶ್ನೆಗಳಿಗೆ ಅತ್ತೆಯೇ ಉತ್ತರ ಕೊಡುತ್ತಿದ್ದರು. ಅಕ್ಕ ಹೂಂ ಅನ್ನುತ್ತಿದ್ದರು. “ಮನೆಯವರು ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆ?” ಎಂಬ ಪ್ರಶ್ನೆಯೂ ನನ್ನ ಪಟ್ಟಿಯಲ್ಲಿತ್ತು. ಅತ್ತೆಯ ಎದುರಿಗೆ ಅದನ್ನು ಕೇಳಿದರೆ ಸಂಜೆ ನಾನು ಬಸ್ಸು ಹತ್ತಿ ಹೋದ ಮೇಲೆ ಏನಾಗುತ್ತದೆ ಎಂದು ಆ ಪಟ್ಟಿ ಬರೆದವರು ಯೋಚಿಸಿದ ಹಾಗೆ ಕಾಣಲಿಲ್ಲ. ನಾನು ಆ ಪ್ರಶ್ನೆಯನ್ನು ದಾಟಿಸಿಬಿಟ್ಟೆ.

ಎಷ್ಟೋ ದಿನದ ಮೇಲೆ ಓದಿ ತಿಳಿದುಕೊಂಡೆ. ಮನೆಯೊಳಗಿನ ಹಿಂಸೆಯ ಬಗ್ಗೆ ಹೆಣ್ಣುಮಕ್ಕಳನ್ನು ಮಾತಾಡಿಸುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಸಲಹೆಗಳನ್ನು ಬರೆದಿಟ್ಟಿದೆ. ಒಬ್ಬರೇ ಇದ್ದಾಗ ಮಾತ್ರ ಕೇಳಿ, ನಡುವೆ ಯಾರಾದರೂ ಬಂದರೆ ತಕ್ಷಣ ವಿಷಯ ಬದಲಿಸಲು ಬೇರೆ ಪ್ರಶ್ನೆಗಳನ್ನು ಸಿದ್ಧವಾಗಿಟ್ಟುಕೊಂಡಿರಿ ಎಂದು ಅದರಲ್ಲಿದೆ. ಓದಿದಾಗ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಯಾರೋ ಇಷ್ಟು ಬಿಡಿಬಿಡಿಯಾಗಿ ಯೋಚಿಸಿ ಬರೆದಿಟ್ಟಿದ್ದಾರೆ, ನಮ್ಮ ಕೈಗೆ ಅದನ್ನು ಯಾರೂ ಕೊಟ್ಟಿರಲಿಲ್ಲ. ನಮಗೆ ಕೊಟ್ಟದ್ದು ದಿನಕ್ಕೆ ಮೂರು ಮನೆ ಎಂಬ ಟಾರ್ಗೆಟ್.

ಅಕ್ಕ ನಿಜವಾಗಿ ಮಾತಾಡಿದ್ದು ಕೊಟ್ಟಿಗೆಯಲ್ಲಿ.

ಐದು ಗಂಟೆ ಆಗುತ್ತಿದ್ದ ಹಾಗೆ ಅವರು ಎದ್ದು ಹಾಲು ಕರೆಯಲು ಹೋದರು. ಆರು ಗಂಟೆಯ ಒಳಗೆ ಡೈರಿಗೆ ಹಾಕಬೇಕು. ನಾನೂ ಹಿಂದೆ ಹೋದೆ. ಒಂದು ಜರ್ಸಿ ಹಸು, ಪಕ್ಕದಲ್ಲಿ ಅದರ ಕರು. ಕರುವನ್ನು ಒಂದು ಗಳಿಗೆ ಬಿಟ್ಟು, ಎಳೆದು ಕಟ್ಟಿ, ಕೆಚ್ಚಲಿಗೆ ನೀರು ಚಿಮುಕಿಸಿ ತೊಳೆದು, ಬೆರಳಿಗೆ ಒಂದು ತೊಟ್ಟು ಹರಳೆಣ್ಣೆ ಹಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತರು. ಬಕೆಟ್ಟಿನ ತಳಕ್ಕೆ ಹಾಲು ಬೀಳುವ ಸದ್ದಿಗೆ ಹೊರಗಿನ ಮಾತು ಕೇಳಿಸುತ್ತಿರಲಿಲ್ಲ. ಒಳಗಿನದು ಹೊರಗೂ ಕೇಳಿಸುತ್ತಿರಲಿಲ್ಲ. ಹಸುವಿನ ಪಕ್ಕೆಗೆ ಹಣೆ ಆನಿಸಿ, ನನ್ನ ಕಡೆ ತಿರುಗದೆ ಅವರು ಹೇಳುತ್ತಾ ಹೋದರು. ಮೇಡಮ್ಮೋರು ಹೋಗಿ ಅವ್ವ ಬಂತು.

“ಕುಡೀತಿದ್ರು ಕನವ್ವ. ಮೊದ್ಲು ಇಲ್ಲ. ಎರಡು ವರ್ಸದಿಂದ. ಸಾಲ್ದೋರು ಬಾಗ್ಲಿಗೆ ಬಂದೋದ ದಿನ ಜಾಸ್ತಿ ಕುಡಿಯೋರು.”

ಸ್ವಲ್ಪ ಹೊತ್ತು ಬರೀ ಹಾಲಿನ ಸದ್ದು. ಆಮೇಲೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು.

“ಇದ ಬರ್ಕೊಂಡ್ಯಾ? ಬರ್ಕೋಬ್ಯಾಡ. ಕುಡ್ದು ಸತ್ತ ಅಂದ್ಬುಟ್ರೆ ಪರಿಹಾರ ಬರಾಕಿಲ್ಲ.”

ಅವರ ಭಯಕ್ಕೆ ಅರ್ಥ ಇತ್ತು. 2015ರಲ್ಲಿ ರಾಜ್ಯ ಸರ್ಕಾರ ಇಂಥ ಕುಟುಂಬಗಳ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತ್ತು. ಅದು ಸಿಗಬೇಕಾದರೆ ಉಪವಿಭಾಗಾಧಿಕಾರಿಯ ಸಮಿತಿ ಆ ಸಾವಿಗೆ ಬೇಸಾಯದ ಸಾಲವೇ ಕಾರಣ ಎಂದು ಒಪ್ಪಬೇಕು. ಎಫ್‌ಐಆರ್ ಬೇಕು, ಮರಣೋತ್ತರ ಪರೀಕ್ಷೆಯ ವರದಿ ಬೇಕು, ಪಹಣಿ ಬೇಕು, ಸಾಲದ ಕಾಗದ ಬೇಕು. ಕೈಸಾಲಕ್ಕೆ ಕಾಗದ ಎಲ್ಲಿಂದ ತರುವುದು? ಕುಡಿತ, ಮನೆಯ ಜಗಳ ಎಂಬ ಮಾತು ಎಲ್ಲಾದರೂ ಒಂದು ಕಡೆ ಬಿದ್ದರೆ ಅರ್ಜಿ ಅಲ್ಲೇ ಬಿದ್ದುಹೋಗಬಹುದು ಎಂದು ಊರೂರಲ್ಲಿ ಹೆದರಿಕೆ ಇತ್ತು. ಅಕ್ಕನ ಅರ್ಜಿ ಆಗಿನ್ನೂ ಸಮಿತಿಯ ಮುಂದೆ ಇತ್ತು.

ನನ್ನ ಪಟ್ಟಿಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಮೃತರಿಗೆ ಮದ್ಯಪಾನದ ಅಭ್ಯಾಸವಿತ್ತೇ? ಹೌದು, ಇಲ್ಲ. ಟಿಕ್ ಹಾಕಲು ಎರಡೇ ಮನೆ. ನಾನು ಅದನ್ನು ಖಾಲಿ ಬಿಟ್ಟೆ.

ಶನಿವಾರ ಫಾರಂಗಳನ್ನು ಒಪ್ಪಿಸುವಾಗ ಮೇಲ್ವಿಚಾರಕರು ಅದನ್ನು ಹಿಡಿದರು. ಅವರು ಜೋರು ಮಾಡಲಿಲ್ಲ, ಕೂರಿಸಿಕೊಂಡು ಕೇಳಿದರು. ಹೇಳಿದೆ. ಅವರ ವಾದವನ್ನು ನಾನು ಇವತ್ತಿಗೂ ತಳ್ಳಿಹಾಕಲಾರೆ. ಎಲ್ಲರೂ ಹೀಗೆ ಖಾಲಿ ಬಿಟ್ಟರೆ ಸಾಲ ಮತ್ತು ಕುಡಿತ ಹೇಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಯಾವತ್ತೂ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ನಾಳೆ ಇನ್ನೊಂದು ಮನೆ ಉಳಿಸಲು ಆಗುವುದಿಲ್ಲ. ಈ ಒಬ್ಬ ಅಕ್ಕನ ಮುಖ ನೋಡಿ ಮುಂದಿನ ನೂರು ಅಕ್ಕಂದಿರನ್ನು ಮರೆಯುತ್ತೀಯಾ ಎಂದರು. ಹೆಸರು ತೆಗೆದೇ ಡಾಟಾ ಹಾಕುವುದು, ಸಮಿತಿಯ ಕೈಗೆ ಹೋಗುವುದಿಲ್ಲ ಎಂದೂ ಹೇಳಿದರು.

ನಿಜ ಇರಬಹುದು. ಆದರೆ ಫಾರಂನ ಮೊದಲ ಪುಟದಲ್ಲಿ ಹೆಸರಿತ್ತು, ಊರಿತ್ತು. ಆ ಕಾಗದ ಒಂದು ತಿಂಗಳು ನಮ್ಮ ಬಾಡಿಗೆ ರೂಮಿನಲ್ಲಿ, ಬೀಗವಿಲ್ಲದ ಟ್ರಂಕಿನಲ್ಲಿತ್ತು. ಅದಕ್ಕಿಂತ ಮುಖ್ಯವಾದದ್ದು, ಅಕ್ಕ ಬೇಡ ಎಂದಿದ್ದರು. ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ಹಕ್ಕು ಇದೆ ಎಂದು ಅದೇ ದಿನ ಮಧ್ಯಾಹ್ನ ರೆಕಾರ್ಡರಿನ ಮುಂದೆ ನಾನೇ ಹೇಳಿದ್ದೆ. ಅವರು ಅದನ್ನು ನಂಬಿ ವಾಪಸ್ ತೆಗೆದುಕೊಂಡಿದ್ದರು. ನೂರು ಅಕ್ಕಂದಿರ ಹೆಸರಿನಲ್ಲಿ ಒಬ್ಬ ಅಕ್ಕನಿಗೆ ಕೊಟ್ಟ ಮಾತು ಮುರಿದರೆ, ನೂರನೆಯವರಿಗೆ ಕೊಟ್ಟ ಮಾತಿಗೂ ಬೆಲೆ ಉಳಿಯುವುದಿಲ್ಲ. ಕೊನೆಗೆ ‘ಉತ್ತರಿಸಲಿಲ್ಲ’ ಎಂಬ ಮೂರನೇ ಮನೆಯನ್ನು ಪಟ್ಟಿಗೆ ಸೇರಿಸಿದರು. ಅದಾದ ಮೇಲೆ ನಾನು ಕೆಲಸ ಮಾಡಿದ ಎಲ್ಲಾ ಅಧ್ಯಯನಗಳಲ್ಲೂ ಆ ಮೂರನೇ ಮನೆ ಇದೆಯಾ ಅಂತ ಮೊದಲು ನೋಡುತ್ತೇನೆ.

ಅವತ್ತು ಅಕ್ಕ ಒಂದು ಕಡೆ ಅತ್ತರು. ಸಾವಿನ ದಿನದ ಬಗ್ಗೆ ಕೇಳುವ ಭಾಗ ಅದು. ಆ ದಿನ ಬೆಳಿಗ್ಗೆ ಏನು ತಿಂಡಿ ಮಾಡಿದ್ದೆ ಎಂದು ನೆನಪು ಮಾಡಿಕೊಳ್ಳಲು ಹೋಗಿ ನಿಂತುಬಿಟ್ಟರು. ಕರು ಬಿಟ್ಟುಕೊಂಡು ಬಂದ ಏಳು ವರ್ಷದ ಮಗ ಬಾಗಿಲಲ್ಲಿ ನಿಂತು ಅಮ್ಮನ ಮುಖ, ನನ್ನ ಮುಖ ನೋಡುತ್ತಿದ್ದ. ಅವನ ಪಾಲಿಗೆ ನಾನು ಅಮ್ಮನನ್ನು ಅಳಿಸಲು ಬಂದವಳು. ರೆಕಾರ್ಡರ್ ಆಫ್ ಮಾಡಿದೆ. ಅಕ್ಕನ ಕೈ ಹಿಡಿದು ಸುಮ್ನೆ ಕೂತೆ. ಅಷ್ಟೇ ನನಗೆ ಗೊತ್ತಿದ್ದದ್ದು. ಇಂಥ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು, ಯಾವ ಡಾಕ್ಟರ್ ಹತ್ತಿರ ಕಳಿಸಬೇಕು ಎಂಬ ಒಂದು ಚೀಟಿಯೂ ನನ್ನ ಬ್ಯಾಗಿನಲ್ಲಿರಲಿಲ್ಲ. ಗಾಯದ ಬ್ಯಾಂಡೇಜ್ ಬಿಚ್ಚಿ ನೋಡಿ, ಬರೆದುಕೊಂಡು, ಹಾಗೇ ಬಿಟ್ಟು ಹೋಗುವ ಕೆಲಸ ಅದು. ಈಗ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. 2022ರಲ್ಲಿ ಶುರುವಾದದ್ದು. ಈಗ ನಾನು ಫೀಲ್ಡಿಗೆ ಹೋಗುವ ಹುಡುಗಿಯರಿಗೆ ಆ ನಂಬರನ್ನು ಮೊದಲ ದಿನವೇ ಬರೆಸುತ್ತೇನೆ. ನೀವು ಮಾತಾಡಿಸುವ ಮನೆಯವರಿಗೆ ಮಾತ್ರ ಅಲ್ಲ, ನಿಮಗೂ ಬೇಕಾಗುತ್ತದೆ ಅನ್ನುತ್ತೇನೆ. ಆ ವರ್ಷ ನಲವತ್ತು ಮನೆ ಮುಗಿಸಿದ ಮೇಲೆ ನನಗೆ ಎಷ್ಟೋ ರಾತ್ರಿ ನಿದ್ದೆ ಬಂದಿರಲಿಲ್ಲ.

ದುಡ್ಡಿನ ವಿಷಯ ಹೇಳಬೇಕು. ಪ್ರತಿ ಮನೆಗೆ 200 ರೂಪಾಯಿ ಕೊಡಬೇಕೆಂದು ನಾವು ಕೇಳಿದೆವು. ಅರ್ಧ ದಿನದ ಕೂಲಿ ಹೋಗುತ್ತದಲ್ಲ. ದುಡ್ಡಿನ ಆಸೆಗೆ ಒಪ್ಪಿಕೊಂಡಂತೆ ಆಗುತ್ತದೆ ಎಂದು ಮೇಲಿನವರು ಮೊದಲು ಬೇಡ ಅಂದರು. ಈ ಭಯಕ್ಕೂ ಕಾರಣವಿದೆ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯೇ 1932ರಿಂದ 1972ರವರೆಗೆ ಸುಮಾರು 600 ಬಡ ಕಪ್ಪು ಗಂಡಸರ ಮೇಲೆ ಅಧ್ಯಯನ ನಡೆಸಿತು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾ ಕೂತರು. ಅದನ್ನು ವಾಸಿ ಮಾಡುವ ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಆ ಜನರನ್ನು ಹಿಡಿದಿಟ್ಟದ್ದು ಯಾವುದರಿಂದ ಅಂದರೆ ಬಿಟ್ಟಿ ತಪಾಸಣೆ, ಊಟ, ಮತ್ತೆ ಸತ್ತರೆ ಮಣ್ಣು ಮಾಡುವ ಖರ್ಚು. ಬಡವನಿಗೆ ತನ್ನ ಸಾವು ಗೌರವದಿಂದ ಆಗಬೇಕು ಎಂಬ ಆಸೆ ಎಷ್ಟು ದೊಡ್ಡದು ಎಂದು ತಿಳಿದೇ ಆ ಆಮಿಷ ಇಟ್ಟಿದ್ದರು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳುವ ಹೊತ್ತಿಗೆ ಬದುಕಿದ್ದವರು ಬೆರಳೆಣಿಕೆಯಷ್ಟು ಮಂದಿ.

ಹಾಗಂತ ಕೂಲಿ ಬಿಟ್ಟು ಕೂತವರಿಗೆ ಕೂಲಿಯನ್ನೂ ಕೊಡದಿರುವುದು ನ್ಯಾಯವಾ? ನನಗೆ ಸಂಬಳ ಬರುತ್ತಿತ್ತು, ಮೇಲ್ವಿಚಾರಕರಿಗೆ ಬರುತ್ತಿತ್ತು, ಫಾರಂ ಪ್ರಿಂಟ್ ಮಾಡಿದವರಿಗೂ ದುಡ್ಡು ಹೋಗಿತ್ತು. ಮಾತು ಕೊಟ್ಟವರಿಗೆ ಮಾತ್ರ ಇಲ್ಲ. ನನ್ನ ಅಭಿಪ್ರಾಯ ಸ್ಪಷ್ಟ. ಹೋದ ಕೂಲಿಯನ್ನು ಕೊಡಬೇಕು, ಮೊದಲೇ ಹೇಳಿ ಕೊಡಬೇಕು, ನಡುವೆ ಎದ್ದು ಹೋದರೂ ಕೊಡಬೇಕು. ಕೊನೆಗೆ 150 ಕೊಟ್ಟರು. ಅಕ್ಕ ತೆಗೆದುಕೊಳ್ಳಲಿಲ್ಲ. “ನನ್ ಗಂಡನ್ ಸುದ್ದಿ ಯೋಳಿ ದುಡ್ಡಿಸ್ಕೊಳ್ಳಾದಾ?” ಅಂದರು. ಮಗನ ಕೈಗೆ ಕೊಡಲು ಹೋದೆ, ಅದಕ್ಕೂ ಬಿಡಲಿಲ್ಲ. ಬದಲಿಗೆ ಹೊರಡುವಾಗ ನನಗೇ ಒಂದು ಚೀಲ ಅವರೆಕಾಯಿ ಕೊಟ್ಟು ಕಳಿಸಿದರು.

ಮತ್ತೆ ಒಂದು ಪ್ರಶ್ನೆ ಕೇಳಿದರು. ಅದನ್ನು ನಲವತ್ತರಲ್ಲಿ ಮೂವತ್ತು ಮನೆಯಲ್ಲಾದರೂ ಕೇಳಿರಬೇಕು. “ನೀವ್ ಬರ್ಕೊಂಡೋದ್ರಲ್ಲ, ಪರಿಹಾರ ಬೇಗ ಬತ್ತದಾ?” ನಾನು ಸರ್ಕಾರದವಳಲ್ಲ, ಇದರಿಂದ ನಿಮಗೆ ಏನೂ ಸಿಗುವುದಿಲ್ಲ ಎಂದು ಬಂದಾಗಲೇ ಹೇಳಿದ್ದೆ, ನಡುವೆ ಹೇಳಿದ್ದೆ, ಮತ್ತೆ ಹೇಳಿದೆ. ಅವರು ತಲೆಯಾಡಿಸಿದರು. ಆದರೆ ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡು, ಆಶಾ ಜೊತೆ ಬಂದು, ಪುಟಗಟ್ಟಲೆ ಬರೆದುಕೊಂಡವಳು ಏನೂ ಮಾಡುವುದಿಲ್ಲ ಎಂದು ಯಾರಾದರೂ ಹೇಗೆ ನಂಬುತ್ತಾರೆ? ಆಸೆಯನ್ನು ನಾನು ಹುಟ್ಟಿಸಿರಲಿಲ್ಲ. ಆದರೆ ಆ ಆಸೆಯಿಂದಲೇ ಎಷ್ಟೋ ಬಾಗಿಲುಗಳು ನನಗೆ ತೆರೆದಿದ್ದವು.

ವರದಿ ಇಂಗ್ಲಿಷಿನಲ್ಲಿ ಬಂತು. ಬೆಂಗಳೂರಿನ ಒಂದು ಸಭೆಯಲ್ಲಿ ಬಿಡುಗಡೆಯಾಯಿತು. ಆ ನಲವತ್ತು ಮನೆಯವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ನಮ್ಮ ಡಾಟಾವನ್ನು ಇನ್ನೊಂದು ವಿಷಯದ ಅಧ್ಯಯನಕ್ಕೂ ಬಳಸುವ ಮಾತು ಬಂದಾಗ ನನಗೆ ಹವಾಸುಪಾಯಿ ಜನರ ಕತೆ ನೆನಪಾಗಿ ತಡೆದುಕೊಳ್ಳಲಾಗಲಿಲ್ಲ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯೊಳಗೆ ವಾಸಿಸುವ ಸಣ್ಣ ಬುಡಕಟ್ಟು ಅದು. ಅವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ. ಅದಕ್ಕೆ ಕಾರಣ ಹುಡುಕುತ್ತೇವೆ ಎಂಬ ನಂಬಿಕೆಯ ಮೇಲೆ 1990ರ ಹೊತ್ತಿಗೆ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರಿಗೆ ರಕ್ತ ಕೊಟ್ಟರು. ಆ ರಕ್ತವನ್ನು ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆಯ ಬಗ್ಗೆ, ಒಳಸಂಬಂಧದ ಮದುವೆಗಳ ಬಗ್ಗೆ, ಅವರ ಪೂರ್ವಜರು ಎಲ್ಲಿಂದ ಬಂದರು ಎನ್ನುವುದರ ಬಗ್ಗೆಯೂ ಬಳಸಿದ್ದು ವರ್ಷಗಟ್ಟಲೆ ಆದ ಮೇಲೆ ಅವರಿಗೆ ಗೊತ್ತಾಯಿತು. ತಾವು ಆ ಕಣಿವೆಯಲ್ಲೇ ಹುಟ್ಟಿದವರು ಎಂಬುದು ಅವರ ನಂಬಿಕೆ. ತಮ್ಮದೇ ರಕ್ತದಿಂದ ತಮ್ಮ ನಂಬಿಕೆಗೆ ಎದುರು ಮಾತು ಬರೆಸಿದರು ಎಂದು ಅವರಿಗೆ ಬಹಳ ನೋವಾಯಿತು. ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಗಿ 7 ಲಕ್ಷ ಡಾಲರ್ ಸಿಕ್ಕಿತು. ಉಳಿದಿದ್ದ ರಕ್ತವನ್ನು ಅವರು ವಾಪಸ್ ತೆಗೆದುಕೊಂಡು ತಮ್ಮ ಕಣಿವೆಗೆ ಹೋದರು.

ನಾವು ತೆಗೆದುಕೊಂಡದ್ದು ರಕ್ತ ಅಲ್ಲ, ಮಾತು. ಅಕ್ಕ “ಕೇಳಿ, ಯೋಳ್ತೀನಿ” ಅಂದದ್ದು ಒಂದು ಕೆಲಸಕ್ಕೆ. ಇನ್ನೊಂದಕ್ಕೆ ಬೇಕಾದರೆ ಮತ್ತೆ ಹೋಗಿ ಕೇಳಬೇಕು ಎಂದು ಹಟ ಹಿಡಿದೆ. ಖರ್ಚಾಗುತ್ತದೆ ಎಂದರು. ಆ ಎರಡನೇ ಅಧ್ಯಯನ ಆಗಲಿಲ್ಲ. ಅದಕ್ಕೆ ನಾನೇ ಕಾರಣ ಅಂತ ಹೇಳಿಕೊಳ್ಳಲಾರೆ, ದುಡ್ಡೂ ಬಂದಿರಲಿಲ್ಲ.

2018ರಲ್ಲಿ ಬೇರೆ ಕೆಲಸಕ್ಕೆ ಮಂಡ್ಯಕ್ಕೆ ಹೋದವಳು ಅಕ್ಕನ ಊರಿನ ಬಸ್ಸು ಹತ್ತಿದೆ. ಆಶಾ ಅವರನ್ನು ಕರೆಯಲಿಲ್ಲ, ಐಡಿ ಕಾರ್ಡ್ ಇರಲಿಲ್ಲ. ವರದಿಯಲ್ಲಿ ಅವರ ಮನೆಯ ಬಗ್ಗೆ ಇದ್ದ ಭಾಗವನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಎರಡೂವರೆ ಪುಟ. ಅಕ್ಕನಿಗೆ ಗುರುತು ಸಿಕ್ಕಿತು. “ಅವರೆಕಾಯ್ ಬೇಸ್ಕೊಂಡ್ಯಾ?” ಅಂತ ಮೊದಲು ಕೇಳಿದರು, ಎರಡು ವರ್ಷದ ಹಿಂದಿನ ಅವರೆಕಾಯಿಯನ್ನು. ಪರಿಹಾರ ಬಂದಿತ್ತು. ಅರ್ಧ ಸಾಲಕ್ಕೆ ಹೋಯಿತು, ಉಳಿದದ್ದು ಮಗನ ಹೆಸರಲ್ಲಿ ಬ್ಯಾಂಕಿನಲ್ಲಿದೆ ಎಂದರು.

ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಕೂತು ಓದಿ ಹೇಳಿದೆ. ಗುರುತು ಸಿಗದಿರಲಿ ಎಂದು ನಾವು ಅವರ ಹೆಸರು ಬದಲಿಸಿದ್ದೆವು, ಊರು ಬದಲಿಸಿದ್ದೆವು, ಹಸುವಿನ ಬದಲು ಹೊಲಿಗೆ ಮಿಷನ್ ಎಂದು ಬರೆದಿದ್ದೆವು. ಅಲ್ಲಿಯವರೆಗೆ ಹೂಂ ಹೂಂ ಎನ್ನುತ್ತಿದ್ದವರು ಮಿಷನ್ ಬಂದ ಕೂಡಲೇ ಕೈ ನಿಲ್ಲಿಸಿದರು.

“ಇದ್ಯಾರ್ ಸುದ್ದಿ? ನಂಗೆ ಮಿಸನ್ ತುಳಿಯಾಕ್ ಬರಾಕಿಲ್ಲ.”

ಯಾಕೆ ಹಾಗೆ ಬರೆದದ್ದು ಎಂದು ಹೇಳಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಗಂಡ ಹೋದ ಮೇಲೆ ಮಗನ ಫೀಸು ಕಟ್ಟಿದ್ದು, ಸಂಘದ ಕಂತು ಕಟ್ಟಿದ್ದು ಈ ಹಸು. ಅದನ್ನು ತೆಗೆದುಬಿಟ್ಟರೆ ತಾನು ಬದುಕಿದ್ದಾದರೂ ಹೇಗೆ ಅಂತ ಓದಿದವರಿಗೆ ಗೊತ್ತಾಗುತ್ತದೆ? “ಹಸ ಅಂತಲೇ ಬರಿ” ಅಂದರು. ಕುಡಿತದ ಮಾತನ್ನು ನಾನೇ ಎತ್ತಿದೆ, ಅದು ಇದರಲ್ಲಿಲ್ಲ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. “ಈಗ ಬರ್ಕೋ. ದುಡ್ ಬಂದಾಯ್ತು. ಸಾಲದಿಂದ ಕುಡುದ್ರು ಅಂತ ಬರಿ, ಸುಮ್ನೆ ಕುಡುಕ ಅಂತ ಬರೀಬ್ಯಾಡ.”

ಈ ಬರಹ ಬರೆಯುವ ಮುಂಚೆ ಫೋನ್ ಮಾಡಿ ಮತ್ತೆ ಕೇಳಿದೆ. ಮಗ ಈಗ ಕಾಲೇಜಿಗೆ ಸೇರುವ ವಯಸ್ಸಿನ ಹುಡುಗ. ಫೋನನ್ನು ಅವನ ಕೈಗೂ ಕೊಟ್ಟರು. ಪೂರ್ತಿ ಓದಿ ಹೇಳಿದೆ, ಇಬ್ಬರೂ ಕೇಳಿಸಿಕೊಂಡರು. ಹಸು ಇರಲಿ ಎಂದರು. ಅವರೆಕಾಯಿಯೂ ಇರಲಿ ಎಂದರು. ಇನ್ನೊಂದು ಸಂಗತಿ ಬರೆದಿದ್ದೆ, ಸಾವಿನ ಹಿಂದಿನ ದಿನದ್ದು. ಅಕ್ಕ ಏನೂ ಹೇಳಲಿಲ್ಲ. ಮಗ ಮಾತ್ರ “ಅದೊಂದ್ ತೆಗೀರಿ ಅಕ್ಕ” ಅಂದ.

ತೆಗೆದಿದ್ದೇನೆ.